ಬೆಕ್ಕಲ್ಲದ ಬೆಕ್ಕು, ಹಂದಿಯಲ್ಲದ ಹಂದಿ

ನಮ್ಮ ಕಡೆ ಕಾಡುಪ್ರಾಣಿಗಳು ಒಂದು ಊರಿನಿಂದ ಇನ್ನೊಂದು ಊರಿಗೆ ಹೋದರೆ ಜಾತಿ ಬದಲಿಸುತ್ತವೆ. ಹೊಳೆಯಲ್ಲಿ ಮೀನು ಹಿಡಿದು ತಿನ್ನುವ ಪ್ರಾಣಿಯೊಂದಿದೆ. ಕನ್ನಡದಲ್ಲಿ ಅದು ನೀರುನಾಯಿ. ಬಸವಕಲ್ಯಾಣ ದಾಟಿ ಪಶ್ಚಿಮಕ್ಕೆ ಹೋಗಿ ಮರಾಠಿಯವರನ್ನು ಕೇಳಿ, ಅದೇ ಪ್ರಾಣಿ ಪಾಣಮಾಂಜರ, ಅಂದರೆ ನೀರುಬೆಕ್ಕು. ಮೂಳೆ ಕಡಿಯುವ ಕತ್ತೆಕಿರುಬಕ್ಕೆ ಕನ್ನಡದವರು ಕತ್ತೆಯನ್ನು ಅಂಟಿಸಿದ್ದೇವೆ. ಹುಮನಾಬಾದಿನ ಸಂತೆಯಲ್ಲಿ ಉರ್ದು ಮಾತಾಡುವವರು ಅದನ್ನೇ ಲಕ್ಕಡಬಗ್ಗಾ ಎನ್ನುತ್ತಾರೆ, ಕೇಳಿದವರಿಗೆ ಬಾಘ್, ಅಂದರೆ ಹುಲಿಯ ನೆನಪಾಗುತ್ತದೆ. ಪ್ರಾಣಿಗೆ ಮಾತ್ರ ತಾನು ನಾಯಿಯೋ ಬೆಕ್ಕೋ ಕತ್ತೆಯೋ ಹುಲಿಯೋ ಎಂಬ ಚಿಂತೆ ಇಲ್ಲ. ಚಿಂತೆ ಇದ್ದದ್ದು ನನಗೆ, ಯಾಕೆಂದರೆ ಅರಣ್ಯ ಇಲಾಖೆಯಲ್ಲಿ ಅವುಗಳ ಹೆಸರು ಬರೆದು ಮೇಲೆ ಕಳಿಸುವ ಕೆಲಸ ನನ್ನದಾಗಿತ್ತು.

ಈಗ ನಿವೃತ್ತನಾಗಿದ್ದೇನೆ. ಹೊಸದಾಗಿ ಕೆಲಸಕ್ಕೆ ಸೇರಿದ ಗಾರ್ಡ್‌ಗಳು ಆಗಾಗ ಮನೆಗೆ ಬಂದು ಚಹಾ ಕುಡಿದು, "ಸರ್, ಸಾಲಿ ಮಕ್ಕಳಿಗೆ ಪ್ರಾಣಿ ಬಗ್ಗೆ ಏನ್ ಹೇಳಬೇಕ್ರಿ?" ಎಂದು ಕೇಳುತ್ತಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಯಾವ ವರ್ಷ ಬಡ್ತಿ ಬಂತು, ಯಾವ ವರ್ಷ ತಪ್ಪಿತು ಎಂಬುದನ್ನು ಬರೆಯುವುದಿಲ್ಲ, ಅದನ್ನು ಓದಿ ಯಾರಿಗೂ ನಗು ಬರುವುದಿಲ್ಲ. ನಾನು ಮಾಡಿದ ತಪ್ಪುಗಳನ್ನು ಬರೆಯುತ್ತೇನೆ. ಆ ತಪ್ಪುಗಳ ದೆಸೆಯಿಂದ ನನ್ನ ಮಾತನ್ನು ಯಾರೂ ನಂಬದಂತಾಗಿದ್ದಾಗ, ಒಬ್ಬ ಹೆಣ್ಣುಮಗಳ ಕೆಲಸ ಉಳಿಯುವುದು ನನ್ನ ಮಾತಿನ ಮೇಲೆಯೇ ನಿಂತಿತು. ಆ ಶನಿವಾರದ ಕಥೆಯನ್ನು ಹೇಳುವುದಕ್ಕೇ ಉಳಿದದ್ದನ್ನೆಲ್ಲ ಹೇಳಬೇಕಾಗಿದೆ.

ಮೊದಲು ಸಾಲೆಗೆ ಹೋಗುವ ಕೆಲಸ ನನ್ನ ಕೊರಳಿಗೆ ಬಿದ್ದದ್ದು ಹೇಗೆ ಎಂದು ಹೇಳಬೇಕು. ಅಕ್ಟೋಬರ್ ತಿಂಗಳು ಬಂತೆಂದರೆ ವನ್ಯಜೀವಿ ಸಪ್ತಾಹ. ಸುತ್ತಲಿನ ಸಾಲೆಗಳಿಗೆ ಹೋಗಿ ಭಾಷಣ ಮಾಡಬೇಕು. ಕಳ್ಳ ಕಟ್ಟಿಗೆಯ ಗಾಡಿ ಹಿಡಿಯಲು ಹಿಂಜರಿಯದ ನಮ್ಮ ಸಿಬ್ಬಂದಿ ನಾಲ್ಕನೇ ತರಗತಿಯ ಮುಂದೆ ನಿಲ್ಲಲು ಹೆದರುತ್ತಿದ್ದರು. ನಮ್ಮ ರೇಂಜರ್ ಸಾಹೇಬರು ಮೈಸೂರು ಕಡೆಯವರು, ಶಿಸ್ತಿನ ಮನುಷ್ಯ, ಹಲ್ಲು ಕಾಣುವಂತೆ ನಕ್ಕದ್ದನ್ನು ನಾನು ಕಂಡಿಲ್ಲ. ಒಂದು ದಿನ ಅವರು ನನ್ನನ್ನು ಕರೆದು ಟೈಪ್ ಮಾಡಿಸಿದ ನಾಲ್ಕು ಹಾಳೆ ಕೊಟ್ಟರು. "ವೈಜಿನಾಥ್, ಇದನ್ನು ಓದಿ ಬನ್ನಿ. ಇದರಲ್ಲಿರೋದು ಬಿಟ್ಟು ಒಂದಕ್ಷರನೂ ಹೆಚ್ಚಿಗೆ ಹೇಳ್ಬೇಡಿ," ಎಂದರು.

ಹಾಳೆಯ ಮೇಲೆ "ಸಸ್ತನಿಗಳ ಸಾಮಾನ್ಯ ಲಕ್ಷಣಗಳು" ಎಂದಿತ್ತು. ಮೊದಲ ಸಾಲೆಯಲ್ಲಿ ಅದನ್ನು ಓದತೊಡಗಿದೆ. ಎರಡನೇ ಹಾಳೆಗೆ ಬರುವಷ್ಟರಲ್ಲಿ ಹಿಂದಿನ ಸಾಲಿನವರು ಒಬ್ಬರ ಜಡೆ ಇನ್ನೊಬ್ಬರ ಜಡೆಗೆ ಕಟ್ಟುವ ಕೆಲಸ ಶುರುಮಾಡಿದ್ದರು. ಮೂರನೇ ಹಾಳೆಯಲ್ಲಿ ಮಾಸ್ತರರೇ ತೂಕಡಿಸಿದರು. ನಾನು ಹಾಳೆ ಮಡಚಿ ಜೇಬಿಗೆ ಹಾಕಿ, "ಚಿಚುಂದ್ರಿ ಯಾರ್ ನೋಡೀರಿ?" ಎಂದು ಕೇಳಿದೆ. ಎಲ್ಲರ ಕೈಗಳೂ ಮೇಲೆದ್ದವು. ಮೂತಿ ಚೂಪಾದ, ಮೂಲೆ ಹಿಡಿದು ಓಡುವ, ನಾರುವ ಆ ಸೊಂಡಿಲಿ ಎಲ್ಲರ ಮನೆಯಲ್ಲೂ ಇದೆ. ಅದು ಇಲಿಯೇ ಅಲ್ಲ, ಇಲಿಯ ಬಳಗವೇ ಬೇರೆ ಎಂದೆ. ಮರಿಗಳನ್ನು ಬೇರೆ ಕಡೆ ಕರೆದೊಯ್ಯುವಾಗ ಒಂದು ಮರಿ ತಾಯಿಯ ಬಾಲದ ಬುಡವನ್ನು ಬಾಯಲ್ಲಿ ಹಿಡಿಯುತ್ತದೆ, ಅದರ ಬುಡವನ್ನು ಇನ್ನೊಂದು, ಅದರದನ್ನು ಮತ್ತೊಂದು, ಹೀಗೆ ರೈಲು ಹೊರಡುತ್ತದೆ ಎಂದೆ. ಮುಂದಿನ ನಿಮಿಷದಲ್ಲಿ ಇಡೀ ನಾಲ್ಕನೇ ತರಗತಿ ಒಬ್ಬರ ಅಂಗಿ ಒಬ್ಬರು ಹಿಡಿದು ವರಾಂಡಾದ ತುಂಬ ರೈಲು ಓಡಿಸಿತು. ಎಚ್ಚರಗೊಂಡ ಮಾಸ್ತರರು ನನ್ನ ಮೇಲೆ ಸಿಟ್ಟಾದರು. ಆದರೆ ನನಗೆ ಆ ದಿನ ಗುಟ್ಟು ಸಿಕ್ಕಿತು. ಪ್ರಾಣಿಗೆ ಎಷ್ಟು ಬೆನ್ನುಮೂಳೆ ಎಂದು ಮಕ್ಕಳಿಗೆ ಬೇಕಾಗಿಲ್ಲ. ಅದು ಏನು ತಿನ್ನುತ್ತದೆ, ಎಲ್ಲಿ ಹೇಲುತ್ತದೆ, ಯಾರನ್ನು ಹೆದರಿಸುತ್ತದೆ, ಇಷ್ಟು ಹೇಳಿದರೆ ಸಾಕು, ಬೆನ್ನುಮೂಳೆಯನ್ನು ಅವರೇ ಕೇಳಿ ತಿಳಿದುಕೊಳ್ಳುತ್ತಾರೆ.

ಆಮೇಲೆ ಬಾವಿಯ ಪ್ರಸಂಗ ನಡೆಯಿತು. ಬೇಮಳಖೇಡ ಕಡೆಯ ತುಕಾರಾಮ ಎಂಬ ರೈತ ಬೆಳಿಗ್ಗೆ ಫೋನು ಮಾಡಿದ. ಅವನದು ಮರಾಠಿ ಬೆರೆತ ಕನ್ನಡ. "ಸಾಹೇಬ್ರ, ನಮ್ಮ ಹಾಳ ಬಾವ್ಯಾಗ ಖವಲ್ಯಾ ಮಾಂಜರ ಬಿದ್ದದ್ರಿ. ಲಗೂನ ಬರ್ರಿ," ಎಂದ. ನನಗೆ ಕೇಳಿಸಿದ್ದು ಮಾಂಜರ ಮಾತ್ರ, ಬೆಕ್ಕು. ಒಂದು ಬೆಕ್ಕಿಗಾಗಿ ಸರಕಾರವನ್ನೇ ಕರೆಯುತ್ತಾನಲ್ಲ ಎಂದು ಗೊಣಗುತ್ತ, ಬುಟ್ಟಿ, ಹಗ್ಗ ಮತ್ತು ದಾರಿಯ ಹೋಟೆಲಿನಿಂದ ಒಂದು ಪಾವು ಹಾಲು ತೆಗೆದುಕೊಂಡು ಹೋದೆ. ನೀರಿಲ್ಲದ ಬಾವಿ. ಬುಟ್ಟಿಯಲ್ಲಿ ಹಾಲಿನ ಬಟ್ಟಲಿಟ್ಟು ಇಳಿಬಿಟ್ಟು, ಬಾವಿಯ ದಂಡೆಯ ಮೇಲೆ ಮಂಡಿಯೂರಿ, "ಬಾ ಬಾ, ಮ್ಯಾಂವ್ ಮ್ಯಾಂವ್" ಎಂದು ಕರೆದೆ. ಊರಿನ ಅರ್ಧ ಜನ ಸುತ್ತ ನಿಂತಿದ್ದರು. ಸಾಹೇಬರಿಗೆ ಏನೋ ವಿದ್ಯೆ ಗೊತ್ತಿರಬೇಕು ಎಂದುಕೊಂಡಿದ್ದರಂತೆ.

ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ಕೆಳಗೆ ನೋಡಿದರೆ, ಮೈತುಂಬ ಚಿಪ್ಪು ಹೊದ್ದ ಒಂದು ಉಂಡೆ. ಚಿಪ್ಪುಹಂದಿ. ಮರಾಠಿಯವರು ಅದನ್ನು ಚಿಪ್ಪಿನ ಬೆಕ್ಕು ಎನ್ನುತ್ತಾರೆಂದು ನನಗೆ ಆವತ್ತಿನವರೆಗೆ ಗೊತ್ತಿರಲಿಲ್ಲ. ಕೂಡಲೆ ಕಚೇರಿಗೆ ಫೋನು ಮಾಡಿ, "ಚಿಪ್ಪುಹಂದಿ ಸಿಕ್ಕದ, ಸಾಮಾನು ಕಳಿಸ್ರಿ" ಎಂದೆ. ಗುಮಾಸ್ತರಿಗೆ ಕೇಳಿಸಿದ್ದು ಹಂದಿ ಮಾತ್ರ. ಅರ್ಧ ತಾಸಿನಲ್ಲಿ ಜೀಪು ಬಂತು. ಅದರಲ್ಲಿ ಕಾಡುಹಂದಿ ಹಿಡಿಯುವ ದೊಡ್ಡ ಬಲೆ, ನಾಲ್ಕು ದೊಣ್ಣೆ, ಹಂದಿ ತಿವಿದರೆ ಇರಲಿ ಎಂದು ಔಷಧದ ಡಬ್ಬಿ, ಜೊತೆಗೆ ಸ್ವತಃ ರೇಂಜರ್ ಸಾಹೇಬರು. ಅವರು ಬಾವಿಯಲ್ಲಿ ಇಣುಕಿದರು. ಹಾಲಿನ ಬಟ್ಟಲು ನೋಡಿದರು. ತಾವು ತಂದ ಬಲೆ ನೋಡಿದರು.

"ಏನ್ರೀ ವೈಜಿನಾಥ್, ಬೆಕ್ಕೋ ಹಂದಿಯೋ, ಒಂದು ತೀರ್ಮಾನಕ್ಕೆ ಬನ್ನಿ," ಎಂದರು.

"ಎರಡೂ ಅಲ್ರಿ ಸರ್," ಎಂದೆ.

"ಹಾಗಿದ್ರೆ ಹಾಲು ಯಾರಿಗೆ?"

ಹಾಲನ್ನು ಚಿಪ್ಪುಹಂದಿ ಮೂಸುವುದೂ ಇಲ್ಲ. ಬಾಯಲ್ಲಿ ಒಂದೂ ಹಲ್ಲಿಲ್ಲದ ಬಡಪಾಯಿ ಪ್ರಾಣಿ ಅದು. ಇರುವೆ, ಗೆದ್ದಲು ನೆಕ್ಕಿ ಬದುಕುತ್ತದೆ. ಅದರ ನಾಲಿಗೆ ಎಷ್ಟು ಉದ್ದವೆಂದರೆ ಅದರ ಬುಡ ಗಂಟಲಲ್ಲಿಲ್ಲ, ಎದೆಗೂಡಿನ ಆಳದಲ್ಲಿದೆ. ಇರುವೆಗಳು ಒಳಹೋಗದಂತೆ ಮೂಗು, ಕಿವಿ ಮುಚ್ಚಿಕೊಳ್ಳುತ್ತದೆ. ಆ ಚಿಪ್ಪು ನಮ್ಮ ಉಗುರು ಯಾವುದರಿಂದ ಆಗಿದೆಯೋ ಅದರಿಂದಲೇ ಆದದ್ದು, ಮದ್ದಿಗೂ ಬಾರದು, ಮಾಟಕ್ಕೂ ಬಾರದು. ಇದನ್ನೆಲ್ಲ ಆಮೇಲೆ ಸಾಲೆಗಳಲ್ಲಿ ನೂರು ಸಲ ಹೇಳಿದ್ದೇನೆ. ಆ ದಿನ ಮಾತ್ರ ಬಾಯಿ ಮುಚ್ಚಿಕೊಂಡು ಬಾವಿಗಿಳಿದು, ಉಂಡೆಯನ್ನು ಗೋಣಿಚೀಲದಲ್ಲಿ ಎತ್ತಿ ತಂದು ಗುಡ್ಡದಲ್ಲಿ ಬಿಟ್ಟೆ. ಸಂಜೆ ನಾನಿದ್ದ ಮನ್ನಾಏಖೇಳ್ಳಿಯಲ್ಲಿ ಬಸ್ಸಿನಿಂದ ಇಳಿದಾಗ ಚಹಾ ಅಂಗಡಿಯವನು, "ಬರ್ರಿ ಮಾಂಜರ ಸಾಹೇಬ್ರ," ಎಂದ. ನನ್ನ ಹೊಸ ಹೆಸರು ನನಗಿಂತ ಮೊದಲಿನ ಬಸ್ಸಿನಲ್ಲಿ ಬಂದು ಇಳಿದಿತ್ತು. ನಿವೃತ್ತಿಯವರೆಗೂ ಆ ಹೆಸರು ನನ್ನನ್ನು ಬಿಡಲಿಲ್ಲ.

ಇದನ್ನು ಓದಿ ಹೊಸಬರು ನಗಬೇಡಿ. ನಿಮ್ಮ ಕೈಯಲ್ಲಿ ಈಗ ಫೋಟೋ ತೋರಿಸಿದರೆ ಹೆಸರು ಹೇಳುವ ಫೋನುಗಳಿವೆ. ಮೊನ್ನೆ ಒಬ್ಬ ಗಾರ್ಡ್ ಮುದುಡಿ ಮಲಗಿದ ಚಿಪ್ಪುಹಂದಿಯ ಫೋಟೋ ತೋರಿಸಿದರೆ ಅವನ ಫೋನು ಅನಾನಸ್ ಎಂದಿತು. ನಾನಾದರೂ ಅದನ್ನು ಪ್ರಾಣಿ ಎಂದು ಗುರುತಿಸಿದ್ದೆ.

ಕತ್ತೆಕಿರುಬದ್ದು ಇನ್ನೊಂದು ಕಥೆ. ಅದು ಮೂಳೆಯನ್ನೂ ಅಗಿದು ಅರಗಿಸಿಕೊಳ್ಳುತ್ತದೆ, ಆದ್ದರಿಂದ ಅದರ ಹಿಕ್ಕೆ ಒಣಗಿದರೆ ಸುಣ್ಣದಷ್ಟು ಬೆಳ್ಳಗಾಗುತ್ತದೆ ಎಂದು ಒಂದು ಸಾಲೆಯಲ್ಲಿ ಹೇಳಿದ್ದೆ. ಮುಂದಿನ ವಾರ ಅಲ್ಲಿಯ ಮಕ್ಕಳು ಗುಡ್ಡದಿಂದ ಒಂದು ತುಂಡು ಹುಡುಕಿ ತಂದು, ನನಗೆ ತೋರಿಸಬೇಕೆಂದು ಜೋಪಾನವಾಗಿ ಸೀಮೆಸುಣ್ಣದ ಡಬ್ಬಿಯಲ್ಲಿಟ್ಟಿದ್ದರು. ಗಣಿತದ ಮಾಸ್ತರರು ನೋಡದೆ ಕೈಗೆತ್ತಿಕೊಂಡು ಹಲಗೆಯ ಮೇಲೆ ಒಂದು ಗೆರೆ ಎಳೆದರು. ಗೆರೆ ಮೂಡಿತಂತೆ. ಭಾಗಾಕಾರ ಮುಗಿಯುವವರೆಗೆ ಯಾರೂ ಬಾಯಿ ಬಿಡಲಿಲ್ಲ. ಆ ಮಾಸ್ತರರ ದೂರು ನಮ್ಮ ಕಚೇರಿಗೆ ಬಂತು. ರೇಂಜರ್ ಸಾಹೇಬರು ಅದನ್ನು ನನ್ನ ಮುಂದೆ ಎರಡು ಸಲ ಗಟ್ಟಿಯಾಗಿ ಓದಿ, "ಮೂಡ್ತೇನ್ರೀ?" ಎಂದು ಕೇಳಿದರು. ಮೂಡಿತು ಎಂದೆ. ಅವರು ಕಿಟಕಿಯ ಕಡೆ ತಿರುಗಿ ಬಹಳ ಹೊತ್ತು ಹೊರಗೆ ನೋಡಿದರು. ಭುಜ ಅಲುಗುತ್ತಿದ್ದವು.

ಈಗ ಆ ಶನಿವಾರಕ್ಕೆ ಬರುತ್ತೇನೆ. ಬಸವಕಲ್ಯಾಣಕ್ಕೂ ಹುಮನಾಬಾದಿಗೂ ನಡುವೆ, ಹೆದ್ದಾರಿ ಬಿಟ್ಟು ಒಳಗೆ ಹೋದರೆ ಒಂದು ಹಳ್ಳಿ. ಊರಿನ ಹೆಸರು ಬರೆಯುವುದಿಲ್ಲ, ಜನರ ಹೆಸರುಗಳನ್ನೂ ಬದಲಿಸಿದ್ದೇನೆ. ಹಳೆಯ ಕಲ್ಲಿನ ಕಟ್ಟಡದ ಸಾಲೆ, ಮರದ ತೊಲೆ, ಮೇಲೆ ತಗಡು. ಸಪ್ತಾಹದ ಭಾಷಣಕ್ಕೆಂದು ಬೆಳಿಗ್ಗೆ ಎಂಟಕ್ಕೆ ನಾನು ಹೋದಾಗ ಪ್ರಾರ್ಥನೆ ಮುಗಿದಿತ್ತು. ಹೆಡ್‌ಮಾಸ್ತರ ಖಾಜಾಸಾಬರು ವರಾಂಡಾದಲ್ಲಿ ಕುರ್ಚಿಗಳನ್ನು ಹಾಕಿಸುತ್ತಿದ್ದರು. ನನಗಾಗಿ ಎಂದುಕೊಂಡೆ.

"ನಿಮಗಲ್ರಿ," ಎಂದರು ಖಾಜಾ ಮಾಸ್ತರು. "ಸಾಲಿ ಕಮಿಟಿ ಮೀಟಿಂಗ್ ಅದ. ಇವತ್ತ ಕಮಲಾಬಾಯಿನ್ನ ತೆಗೆದು ಹಾಕ್ತಾರ್ರಿ."

ಕಮಲಾಬಾಯಿ ಅಲ್ಲಿಯ ಬಿಸಿಯೂಟದ ಅಡುಗೆಯವರು. ಐವತ್ತು ದಾಟಿದ ವಿಧವೆ. ಆ ಕೆಲಸದ ಮೇಲೆಯೇ ಮನೆ ನಡೆಯಬೇಕು. ಮೊಮ್ಮಗಳು ಪೂಜಾ ಅದೇ ಸಾಲೆಯಲ್ಲಿ ಏಳನೇ ತರಗತಿ. ಹನ್ನೆರಡು ವರ್ಷದಿಂದ ಆ ಸಾಲೆಯಲ್ಲಿ ಒಂದು ದಿನವೂ ಊಟ ತಪ್ಪಿಸಿದವರಲ್ಲ. ಅವರ ಮೇಲಿನ ಆರೋಪವನ್ನು ಖಾಜಾ ಮಾಸ್ತರು ಪಿಸುದನಿಯಲ್ಲಿ ವಿವರಿಸಿದರು. ಕಮಿಟಿಯ ಅಧ್ಯಕ್ಷ ಮಾಣಿಕರಾವ ಅವರಿಗೆ ಸಾಲೆಯ ಹಿಂದೆಯೇ ಸೀತಾಫಲದ ತೋಟವಿದೆ. ಹಣ್ಣು ಕಳುವಾಗುತ್ತಿವೆ ಎಂದು ಮಕ್ಕಳನ್ನು ಬೈಯಲು ಅವರು ಸೋಮವಾರ ಬೆಳಿಗ್ಗೆ ಬಂದರು. ಅಡುಗೆಯೂ ಅಲ್ಲೇ ನಡೆಯುವ ದಿನಸಿ ಕೋಣೆಯ ಬಾಗಿಲು ತೆರೆದಿತ್ತು. ಒಳಗಿಂದ ಘಮಘಮ ಬಾಸುಮತಿ ಅನ್ನದ ವಾಸನೆ. ಸರಕಾರದ ದಪ್ಪ ಅಕ್ಕಿಗೆ ಆ ವಾಸನೆ ಎಲ್ಲಿಂದ ಬರಬೇಕು? ಬುಧವಾರ ಬೆಳಿಗ್ಗೆ ಮತ್ತೆ ಬಂದರು, ಮತ್ತೆ ಅದೇ ವಾಸನೆ. ಶುಕ್ರವಾರ ಹನ್ನೊಂದು ಗಂಟೆಗೆ ಸುಳಿವು ಕೊಡದೆ ಬಂದರು. ಇನ್ನೂ ಜೋರು ವಾಸನೆ. ದೊಡ್ಡ ಪಾತ್ರೆಯ ಮುಚ್ಚಳ ತೆಗೆದು ನೋಡಿದರೆ ದಪ್ಪ ಅನ್ನವೇ ಇತ್ತು. ಅಂದಮೇಲೆ ಬಾಸುಮತಿಯನ್ನು ಎಲ್ಲೋ ಬಚ್ಚಿಟ್ಟಿದ್ದಾಳೆ, ಸಾಲೆಯ ಗ್ಯಾಸಿನ ಮೇಲೆ ತನ್ನ ಮನೆಯ ಅಡುಗೆ ಮಾಡಿಕೊಳ್ಳುತ್ತಿದ್ದಾಳೆ ಎಂದು ಅವರು ತೀರ್ಮಾನಿಸಿದರು. ಹೊರಗಿನ ದಿನಸಿ ಸಾಲೆಯ ಒಲೆಯ ಮೇಲೆ ಬರಕೂಡದು ಎಂಬ ನಿಯಮವೂ ಇತ್ತು. ಯಾರ ಮನೆಯದೋ ಅಕ್ಕಿ ಬೇಯಿಸಿ ಮಕ್ಕಳಿಗೆ ಏನಾದರೂ ಆದರೆ ಹೊಣೆ ಯಾರು?

ನಾನು ದಿನಸಿ ಕೋಣೆಗೆ ಹೋದೆ. ಒಲೆ ತಣ್ಣಗಿತ್ತು, ಪಾತ್ರೆಗಳೆಲ್ಲ ಬೋರಲು ಹಾಕಿದ್ದವು. ಬಾಗಿಲು ತೆರೆದ ಕೂಡಲೆ ಮೂಗಿಗೆ ಬಡಿಯಿತು, ಬಾಸುಮತಿ. ನನ್ನ ಹೊಟ್ಟೆ ಗುಡುಗುಟ್ಟಿತು, ಆಮೇಲೆ ನಗು ಬಂತು. ಆ ವಾಸನೆ ನನಗೆ ಹಳೆಯ ಪರಿಚಯ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಬಸವಕಲ್ಯಾಣದ ಕೋಟೆಯ ಗೋಡೆ ಹಿಡಿದು ಒಮ್ಮೆ ಹಸಿದುಕೊಂಡು ಸುತ್ತುತ್ತಿದ್ದಾಗ ಇದೇ ಘಮಲು ಬಂದಿತ್ತು. ಯಾರೋ ಬಿರ್ಯಾನಿ ಮಾಡುತ್ತಿದ್ದಾರೆ, ಕರೆದರೆ ಒಂದು ತುತ್ತು ಉಣ್ಣೋಣ ಎಂದು ಮೂಗು ಹಿಡಿದುಕೊಂಡು ಹೋದವನು ಕೊನೆಗೆ ಮುಟ್ಟಿದ್ದು ಒಂದು ಮರದ ಕೊಂಬೆಗೆ. ಅದರ ಮೇಲೆ ಪುನುಗು ಬೆಕ್ಕು ಮಲಗಿತ್ತು. ತನ್ನ ಜಾಗ ಎಂದು ತಿಳಿಸಲು ಅದು ಬಾಲದ ಬುಡವನ್ನು ಕೊಂಬೆಗೆ ಉಜ್ಜಿ ಹೋಗುತ್ತದೆ. ಆ ಜಿಡ್ಡಿಗೆ ಬಾಸುಮತಿಯ ಘಮಲು. ಹುಲಿ ಗಡಿ ಗುರುತಿಸಲು ಗಿಡಕ್ಕೆ ಚಿಮುಕಿಸುವ ಮೂತ್ರದಲ್ಲೂ ಅದೇ ವಾಸನೆ ಇರುತ್ತದೆ. ಕಾಡಿನಲ್ಲಿ ಹಸಿದವನು ಅನ್ನದ ವಾಸನೆ ಹಿಡಿದು ಹೋಗಬಾರದು ಎಂದು ಮಕ್ಕಳಿಗೆ ಹೇಳುವುದು ಇದಕ್ಕೇ.

ಹೊರಗೆ ಬಂದಾಗ ಮೀಟಿಂಗ್ ಶುರುವಾಗಿತ್ತು. ಮಾಣಿಕರಾವ ಅವರು ಜರಿ ಅಂಚಿನ ರುಮಾಲು ಸುತ್ತಿ ನಡುವಿನ ಕುರ್ಚಿಯಲ್ಲಿ ಕೂತಿದ್ದರು. ಕೆಟ್ಟವರಲ್ಲ, ಆದರೆ ತನ್ನ ಮೂಗಿನ ಮೇಲೆ ಅಪಾರ ನಂಬಿಕೆ. ಕಮಲಾಬಾಯಿ ಕಂಬಕ್ಕೆ ಒರಗಿ ನಿಂತಿದ್ದರು. ಸೆರಗು ತಲೆಯ ಮೇಲೆ, ಕಣ್ಣು ನೆಲದ ಮೇಲೆ.

"ಸೋಮವಾರ ನಾ ಏನೂ ಮಾಡಿಲ್ರಿ," ಎಂದರು ಅವರು. "ಬುಧವಾರನೂ ಮಾಡಿಲ್ರಿ. ನನ್ನ ಮೊಮ್ಮಗಳ ಮ್ಯಾಲ ಆಣಿ."

"ಹಂಗಾರ ವಾಸನಿ ಯಾಕ ಬರ್ತದ?" ಎಂದರು ಮಾಣಿಕರಾವ.

ನಾನು ಮುಂದೆ ಹೋಗಿ ನಮಸ್ಕಾರ ಮಾಡಿ, "ಮಾಣಿಕರಾವ್ರ, ಆ ವಾಸನಿ ಅನ್ನದ್ದಲ್ರಿ. ಮ್ಯಾಲ ತೊಲಿ ಮ್ಯಾಲ ಒಂದು ಬೆಕ್ಕದ. ಅಂದ್ರ ಬೆಕ್ಕಲ್ಲ, ಪುನುಗು ಬೆಕ್ಕು," ಎಂದೆ.

ಮಾಣಿಕರಾವ ನಿಧಾನವಾಗಿ ಕೇಳಿದರು. "ಮಾಂಜರ ಸಾಹೇಬ್ರ, ಮತ್ತ ಬೆಕ್ಕೇನ್ರಿ?"

ಕಮಿಟಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹಾಲಿನ ಬಟ್ಟಲು ಎಲ್ಲಿ ಎಂದು ಒಬ್ಬರು ಕೇಳಿದರು. ನನ್ನ ಕಿವಿ ಬಿಸಿಯಾದವು. ನನ್ನ ಹಳೆಯ ತಪ್ಪಿಗೆ ನನ್ನನ್ನು ನೋಡಿ ನಕ್ಕರೆ ನಗಲಿ, ಆದರೆ ಆ ನಗೆಯಲ್ಲಿ ಕಮಲಾಬಾಯಿಯ ಕೆಲಸ ಹೋಗುತ್ತಿತ್ತು. ಅವರು ತಲೆ ಎತ್ತಿ ನನ್ನನ್ನು ನೋಡಿದರು. ಇವನ ಬದಲು ಬೇರೆ ಯಾರಾದರೂ ಬಂದಿದ್ದರೆ ಎಂಬ ನೋಟ ಅದು. ನನಗೆ ತುಂಬ ನಾಚಿಕೆಯಾಯಿತು, ಸಿಟ್ಟೂ ಬಂತು.

ಹೇಳಿ ನಂಬಿಸುವಂತಿರಲಿಲ್ಲ. ಐದು ನಿಮಿಷ ಕೇಳಿಕೊಂಡು ದಿನಸಿ ಕೋಣೆಗೆ ಹೋದೆ. ಖಾಜಾ ಮಾಸ್ತರು ಏಣಿ ಹಿಡಿದರು. ತೊಲೆಯ ಮೇಲೆ ಕಪ್ಪಗೆ ಜಿಡ್ಡು ಹತ್ತಿದ ಒಂದು ಜಾಗ ಕಂಡಿತು. ಒಂದು ಒಗೆದ ಬಟ್ಟೆಯ ಚೂರಿನಿಂದ ಅದನ್ನು ಚೆನ್ನಾಗಿ ಒರೆಸಿ, ಬಟ್ಟೆಯನ್ನು ಪೂಜಾಳ ಖಾಲಿ ಊಟದ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದೆ.

ಹೊರಗೆ ಬಂದು, "ಮಾಣಿಕರಾವ್ರ, ನಿಮ್ಮ ಮೂಗಿನ ಮ್ಯಾಲ ನಮಗ ಪೂರಾ ಭರೋಸಾ ಅದ. ನೀವು ಕಣ್ಣ ಮುಚ್ಚಿ ಇದನ್ನ ಮೂಸಿ ಹೇಳ್ರಿ, ಇದ್ರಾಗ ಏನದ ಅಂತ. ನೀವು ಹೇಳಿದ್ದೇ ಆಖರಿ," ಎಂದೆ.

ಹೊಗಳಿಕೆ ಯಾರಿಗೆ ಬೇಡ? ಅವರು ರುಮಾಲು ಸರಿಮಾಡಿಕೊಂಡು ಕಣ್ಣು ಮುಚ್ಚಿದರು. ಅಷ್ಟರಲ್ಲಿ ಎಲ್ಲ ತರಗತಿಗಳ ಮಕ್ಕಳೂ ಬಾಗಿಲು ಕಿಟಕಿಗಳಲ್ಲಿ ಜಮಾಯಿಸಿದ್ದರು. ಡಬ್ಬಿಯ ಮುಚ್ಚಳ ತೆಗೆದು ಅವರ ಮೂಗಿನ ಹತ್ತಿರ ಹಿಡಿದೆ. ಅವರು ದೀರ್ಘವಾಗಿ ಉಸಿರೆಳೆದರು. ಇನ್ನೊಮ್ಮೆ ಎಳೆದರು. ಮುಖದ ಮೇಲೆ ಸುಖ ಕಂಡಿತು.

"ಬಾಸುಮತಿ," ಎಂದರು. "ಹಳೇ ಅಕ್ಕಿ. ಮ್ಯಾಲ ಒಂದ್ ಚಮಚ ತುಪ್ಪಾನೂ ಬಿದ್ದದ."

"ಕಣ್ಣ ತೆಗೀರಿ," ಎಂದೆ.

ಅವರು ಡಬ್ಬಿಯೊಳಗೆ ನೋಡಿದರು. ಕಪ್ಪು ಮೆತ್ತಿದ ಬಟ್ಟೆಯ ಚೂರು.

"ಇದೇನ್ರಿ?"

"ಪುನುಗಿನ ಬಾಲದ ಬುಡದ ಜಿಡ್ಡರಿ. ತುಪ್ಪ ಅಂದ್ರಲ್ಲ, ಅದೂ ಅದರದ್ದೇ."

ಮಕ್ಕಳ ನಗು ತಗಡಿಗೆ ಬಡಿದು ವಾಪಸ್ ಬಂತು. ಮಾಣಿಕರಾವ ಮೂಗು ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು. ಆದರೂ ಅವರು ಸುಲಭಕ್ಕೆ ಬಗ್ಗುವವರಲ್ಲ. ತಾನೇ ಏಣಿ ಹತ್ತಿ ನೋಡುತ್ತೇನೆ ಎಂದರು. ಹತ್ತಿದರು. ಮೂಲೆಯ ಕತ್ತಲಲ್ಲಿ ಒಂದು ಬೂದು ಮೈ, ಮೈಯಷ್ಟೇ ಉದ್ದದ ಬಾಲ, ಎರಡು ಗುಂಡು ಕಿವಿ. ಹಗಲೆಲ್ಲ ಮಲಗುವ ಪ್ರಾಣಿ ಒಂದು ಕಣ್ಣು ತೆರೆದು ಅಧ್ಯಕ್ಷರನ್ನು ನೋಡಿ ಮತ್ತೆ ಮುಚ್ಚಿಕೊಂಡಿತು. ಅದರ ಮುಂದೆ ತೊಲೆಯ ಮೇಲೆ ಒಣಗಿದ ಹಿಕ್ಕೆ, ತುಂಬ ಕರಿ ಬೀಜಗಳು. ಮಾಣಿಕರಾವ ಒಂದು ಬೀಜ ತೆಗೆದು ಬೆಳಕಿಗೆ ಹಿಡಿದರು.

"ಸೀತಾಫಲ," ಎಂದರು. ಬೀಜವನ್ನು ತಿರುಗಿಸಿ ನೋಡಿ, "ನಮ್ಮ ತ್ವಾಟದ್ದೇ," ಎಂದರು.

ಬೀಜ ನೋಡಿ ತೋಟ ಹೇಳುವ ವಿದ್ಯೆ ನನಗಂತೂ ಗೊತ್ತಿಲ್ಲ, ಆದರೆ ನಾನು ಅಡ್ಡ ಮಾತಾಡಲಿಲ್ಲ. ಹೊಡೆದು ಓಡಿಸೋಣ ಎಂದು ಒಬ್ಬರು ದೊಣ್ಣೆ ಹುಡುಕತೊಡಗಿದರು. ಅದನ್ನು ಮುಟ್ಟಿದರೆ ಕೇಸಾಗುತ್ತದೆ, ಬರೆಯುವವನು ನಾನೇ ಎಂದೆ. ತಿಂದ ಹಣ್ಣಿನ ಬೀಜವನ್ನು ಅದು ಊರ ತುಂಬ ಬಿತ್ತುತ್ತದೆ, ನಿಮ್ಮ ತೋಟಕ್ಕೆ ಸಂಬಳವಿಲ್ಲದ ಆಳು ಎಂದೂ ಹೇಳಿದೆ. ಕತ್ತಲಾದ ಮೇಲೆ ಅದು ತಾನಾಗಿ ಹೊರಗೆ ಹೋಗುತ್ತದೆ, ಆಗ ಗವಾಕ್ಷಿಗೆ ತಂತಿ ಜಾಲರಿ ಬಡಿದರೆ ಮುಗಿಯಿತು ಎಂದು ಒಪ್ಪಂದವಾಯಿತು. ಇದು ಬೆಕ್ಕಲ್ಲವೇ ಅಲ್ಲ, ಬೆಕ್ಕಿನ ಕುಟುಂಬವೇ ಬೇರೆ ಎಂದು ಮಕ್ಕಳಿಗೆ ಹೇಳಹೊರಟೆ. ಮಕ್ಕಳು ಅಧ್ಯಕ್ಷರನ್ನು ನೋಡಿ ನಗುವುದರಲ್ಲಿ ಮುಳುಗಿದ್ದರು.

ಕಮಿಟಿಗೆ ಬರಹದಲ್ಲಿ ಬೇಕಾಗಿತ್ತು. ನಾನು ಕೂತು ವರದಿ ಬರೆಯತೊಡಗಿದೆ. ಯಾವ ಯಾವ ದಿನ ವಾಸನೆ ಬಂದಿತ್ತು ಎಂದು ಕೇಳಿದೆ. ಸೋಮವಾರ, ಬುಧವಾರ ಎಂದರು ಖಾಜಾ ಮಾಸ್ತರು. "ಶುಕ್ರವಾರನೂ," ಎಂದರು ಮಾಣಿಕರಾವ, ಇನ್ನೂ ಸ್ವಲ್ಪ ಬಿಗಿದುಕೊಂಡೇ. ನಾನು ತಮಾಷೆಗೆ ಕಿಟಕಿಯ ಕಡೆ ತಿರುಗಿ ಮಕ್ಕಳನ್ನು ಕೇಳಿದೆ. "ಏನ್ರಪ್ಪ, ಶುಕ್ರವಾರನೂ ಈ ಪುನುಗೇ ಏನು?"

"ಹೌದ್ರಿ ಸರ್," ಎಂದು ಇಡೀ ಸಾಲೆ ಒಂದೇ ದನಿಯಲ್ಲಿ ಕೂಗಿತು. ಅಷ್ಟು ಒಗ್ಗಟ್ಟಿನ ಉತ್ತರ ನನಗೆ ಯಾವ ಸಾಲೆಯಲ್ಲೂ ಸಿಕ್ಕಿರಲಿಲ್ಲ. ನನ್ನ ಪಾಠ ಎಷ್ಟು ನಾಟಿದೆ ನೋಡು ಎಂದು ಒಳಗೊಳಗೇ ಹಿಗ್ಗಿ, ಮೂರೂ ದಿನಗಳನ್ನು ಬರೆದು, ಕೆಳಗೆ ಸಹಿ ಹಾಕಿ ಮೊಹರು ಒತ್ತಿದೆ. ಕಮಲಾಬಾಯಿಯನ್ನು ಮುಂದುವರಿಸಲಾಗಿದೆ ಎಂದು ಕಮಿಟಿ ಬರೆದುಕೊಂಡಿತು. ಮಾಣಿಕರಾವ ಹೋಗುವಾಗ ಕಮಲಾಬಾಯಿಯ ಮುಂದೆ ನಿಂತು, "ತಪ್ಪ ತಿಳೀಬ್ಯಾಡವಾ," ಎಂದರು. ಅಷ್ಟು ಹೇಳಲು ಅವರಿಗೆ ಬಹಳ ಕಷ್ಟವಾಯಿತೆಂದು ಕಾಣುತ್ತಿತ್ತು. ಆ ಮನುಷ್ಯನ ಮೇಲೆ ನನಗೆ ಗೌರವ ಹುಟ್ಟಿತು.

ನಾನು ಮೋಟರ್ ಸೈಕಲ್ ಹತ್ತಿರ ಹೋದಾಗ ಕಮಲಾಬಾಯಿ ಹಿಂದೆಯೇ ಬಂದರು. ಕೈಮುಗಿಯುತ್ತಾರೆ ಎಂದುಕೊಂಡು, "ಇರಲಿ ಅಕ್ಕಾ, ಅದೇನು ದೊಡ್ಡದಲ್ಲ," ಎಂದೆ.

"ಅದಲ್ರಿ ಸಾಹೇಬ್ರ," ಎಂದರು ಅವರು. ಆಚೀಚೆ ನೋಡಿದರು. "ನಿಮಗ ಸುಳ್ಳ ಹೇಳಿ ಕಳಿಸಿದ್ರ ನನಗ ನಿದ್ದಿ ಹತ್ತಂಗಿಲ್ಲ. ಸೋಮವಾರದ್ದು, ಬುಧವಾರದ್ದು ಅದರದ್ದೇ ಇರಬೇಕು. ಶುಕ್ರವಾರದ್ದು ನಂದರಿ."

ನಾನು ಕೀಲಿ ತಿರುಗಿಸಿದವನು ಹಾಗೇ ನಿಂತೆ.

"ಎರಡು ದಿನ ಮುಂಜಾನಿ ಆ ವಾಸನಿ ಬಂತ್ರಿ. ಕೂಸುಗಳು ಊಟಕ್ಕ ಕುಂತು ಗಂಗಾಳ ನೋಡಾಕತ್ತವು. ದಪ್ಪ ಅನ್ನ. ಒಂದನೇ ತರಗತಿ ಕೂಸೊಂದು ಕೇಳ್ತು, ಅಜ್ಜಿ, ವಾಸನಿ ಅಷ್ಟ ಬರ್ತದ, ಅನ್ನ ಯಾಕ ಬರಂಗಿಲ್ಲ ಅಂತ. ನಾ ಏನ್ ಹೇಳಲಿ? ಮನ್ಯಾಗ ಹಬ್ಬಕ್ಕಂತ ಇಟ್ಟ ಬಾಸುಮತಿ ಸ್ವಲ್ಪ ಇತ್ತು. ತಂದು ಒಂದು ಸಣ್ಣ ಪಾತೇಲಿ ಮಾಡಿದೆ. ಒಂದು ಚಮಚ ತುಪ್ಪ ಹಾಕಿದೆ. ತಲಿಗೆ ಒಂದೊಂದು ತುತ್ತು ಬಂತ್ರಿ."

"ಮಾಣಿಕರಾವ್ರು ಬಂದಾಗ ಪಾತೇಲಿ ಎಲ್ಲಿತ್ತು?"

"ಏಳನೇ ತರಗತಿ ಹುಡುಗ್ಯಾರ ಹಿಂದ. ಅವರು ಅದರ ಮುಂದ ಸಾಲಾಗಿ ಕುಂತು ಪುಸ್ತಕ ಓದಾಕತ್ತಿದ್ರು," ಎಂದರು ಕಮಲಾಬಾಯಿ. "ನಾ ಏನೂ ಹೇಳಿಕೊಟ್ಟಿಲ್ರಿ. ತಾವೇ ಕುಂತ್ರು."

ನಾನು ಸಾಲೆಯ ಕಡೆ ತಿರುಗಿ ನೋಡಿದೆ. ಕಿಟಕಿಗಳ ತುಂಬ ತಲೆಗಳಿದ್ದವು. ಬೆಳಗಿನಿಂದ ನಾನು ಹೆಜ್ಜೆ, ಹಿಕ್ಕೆ, ಜಿಡ್ಡು ಎಂದು ಸಾಕ್ಷಿ ಹುಡುಕುತ್ತ ಏಣಿ ಹತ್ತಿದ್ದೆ, ಇಳಿದಿದ್ದೆ. ಒಂದನೇ ತರಗತಿಯಿಂದ ಏಳನೆಯದರವರೆಗೆ ಅಲ್ಲಿದ್ದ ಪ್ರತಿಯೊಂದು ಮಗುವೂ ಆ ಅನ್ನದ ತುತ್ತನ್ನು ತಿಂದಿತ್ತು. ಒಂದೂ ಬಾಯಿ ಬಿಟ್ಟಿರಲಿಲ್ಲ. ಈಗ ಅವರೆಲ್ಲ ನಗುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ವರದಿ ಇನ್ನೂ ಖಾಜಾ ಮಾಸ್ತರರ ಮೇಜಿನ ಮೇಲೇ ಇತ್ತು. ಹೋಗಿ ಒಂದು ದಿನವನ್ನು ಹೊಡೆದುಹಾಕಲು ಒಂದು ಗೆರೆ ಸಾಕಾಗುತ್ತಿತ್ತು. ನನ್ನ ಕಣ್ಣು ತುಂಬಿ ಬಂದವು, ಧೂಳು ಎಂದು ಒರೆಸಿಕೊಂಡೆ.

"ಅಕ್ಕಾ," ಎಂದೆ ಕಮಲಾಬಾಯಿಗೆ, "ಆ ಪುನುಗು ಇನ್ನ ಇಲ್ಲಿ ಇರಂಗಿಲ್ಲ. ಇನ್ನೊಮ್ಮೆ ವಾಸನಿ ಬಂದ್ರ ನನ್ನ ಕಡೆ ಬೆಕ್ಕಿಲ್ಲ, ನೋಡ್ರಿ."

ಅವರು ಸೆರಗು ಬಾಯಿಗೆ ಹಿಡಿದುಕೊಂಡು ನಕ್ಕರು. ನಾನು ಗಾಡಿ ಚಾಲೂ ಮಾಡಿ ಹೊರಟುಬಿಟ್ಟೆ. ಇಡೀ ಸೇವೆಯಲ್ಲಿ ಒಂದು ಮೂಕಪ್ರಾಣಿಯ ಮೇಲೆ ಸುಳ್ಳು ಆರೋಪ ಬರೆದು ಸಹಿ ಹಾಕಿದ್ದು ಅದೊಂದೇ ಸಲ. ಶುಕ್ರವಾರದ ಮಟ್ಟಿಗೆ ಆ ಪುನುಗು ನಿರಪರಾಧಿ, ಮತ್ತು ಆ ವರದಿಯನ್ನು ನಾನು ಇವತ್ತಿಗೂ ತಿದ್ದಿಲ್ಲ.